ಮೂವತ್ತೊಂಬತ್ತನೆಯ ಸಂತಾಪ

ಆಡೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಶಂಭುಲಿಂಗನಿಗೆ ಬೆಳಗಿನಿಂದ ಒಂದೇ ಚಿಂತೆ. ಸತ್ತನೆಂದು ಸುದ್ದಿಯಾಗಿ ಸಾಯದೆ ಉಳಿದ ಮನುಷ್ಯನ ಮನೆಗೆ ಹೋದರೆ ಮೊದಲ ಮಾತು ಏನಿರಬೇಕು? ‘ಆರಾಮ ಅದೀರೇನ್ರಿ’ ಎಂದರೆ ಕುಚೇಷ್ಟೆಯಾಗುತ್ತದೆ. ‘ನಿಮ್ಮನ್ನ ನೋಡಿ ಭಾಳ ಸಂತೋಷ ಆತ್ರಿ’ ಎಂದರೆ ಇನ್ನೂ ಕೆಡುತ್ತದೆ. ಸಂಶೋಧನಾ ವಿಧಾನದ ಪುಸ್ತಕದಲ್ಲಿ ಮಾಹಿತಿದಾರರ ಜೊತೆ ಸಲುಗೆ ಬೆಳೆಸುವುದು ಹೇಗೆ ಎಂಬ ಅಧ್ಯಾಯವನ್ನು ಅವನು ಎರಡು ಸಲ ಓದಿದ್ದ. ಮಾಹಿತಿದಾರ ಒಮ್ಮೆ ಸತ್ತಿದ್ದರೆ ಏನು ಮಾಡಬೇಕೆಂದು ಅದರಲ್ಲಿರಲಿಲ್ಲ. ಜೇಬಿನಲ್ಲಿ ಫೋನು ಕಪ್ಪೆಯ ಹಾಗೆ ಮಿಸುಕಾಡುತ್ತಿತ್ತು. ಅರವತ್ತೊಂದು ವಾಟ್ಸಾಪ್ ಗುಂಪುಗಳು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳಲ್ಲಿ ಸುಳ್ಳು ಸುದ್ದಿ ಹೇಗೆ ಹುಟ್ಟಿ ಹೇಗೆ ಹಬ್ಬುತ್ತದೆ ಎಂಬುದು ಅವನ ಪಿಎಚ್‌ಡಿ ವಿಷಯ. ಶಿಗ್ಗಾಂವದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ; ವಯಸ್ಸು ನಲವತ್ತಮೂರು; ಪ್ರಬಂಧಕ್ಕೆ ಏಳನೆಯ ವರ್ಷ. ಮೊನ್ನೆ ಹೆಂಡತಿ ಶೀಲಾ ಬಿಸಿನೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿಕೊಂಡು ಕುಡಿಯುತ್ತಿದ್ದಾಗ, ಇದಕ್ಕೆ ಏನು ಆಧಾರ, ಯಾವ ಗುಂಪಿನಲ್ಲಿ ಬಂತು, ಕಳಿಸಿದವರು ಯಾರು ಎಂದು ಅರ್ಧ ತಾಸು ವಿಚಾರಣೆ ನಡೆಸಿದ್ದ. ಅವಳು ಲೋಟ ಖಾಲಿ ಮಾಡಿ, ತೇಗಿ, “ನಿಮ್ಮ ಪ್ರಬಂಧ ಈ ವರ್ಷ ಮುಗೀತೈತಿ ಅನ್ನೂದು ಏಳು ವರ್ಷದಿಂದ ಫಾರ್ವರ್ಡ್ ಆಗಾಕತ್ತೇತಿ. ಮೊದಲ ಅದರ ಆಧಾರ ಹುಡುಕ್ರಿ,” ಎಂದಿದ್ದಳು.

ಸತ್ತು ಬದುಕಿದವರು ಬಸವಣ್ಣೆಪ್ಪ, ನಿವೃತ್ತ ಬಸ್ ಕಂಡಕ್ಟರು. ನಾಲ್ಕು ತಾಲೂಕಿನ ನಿವೃತ್ತ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳದೊಂದು ಗುಂಪು ಇತ್ತು. ಹೆಸರು ‘ಗಾಲಿ ಗೆಳೆಯರು’. ತಾನು ಸಂಶೋಧಕ, ಹೆಸರು ತೆಗೆದು ಮಾತುಗಳನ್ನಷ್ಟೇ ಅಧ್ಯಯನ ಮಾಡುತ್ತೇನೆ ಎಂದು ಎಲ್ಲರಿಗೂ ತಿಳಿಸಿ ಶಂಭುಲಿಂಗ ಅದರಲ್ಲಿ ಸೇರಿದ್ದ. ಎರಡು ತಿಂಗಳ ಹಿಂದೆ ಹಿರೇಕೆರೂರಿನಲ್ಲಿ ಬಸವಣ್ಣೆಪ್ಪ ಎಂಬ ಹೆಸರಿನ ಮೆಕ್ಯಾನಿಕ್ ಒಬ್ಬರು ತೀರಿಕೊಂಡರು. ಸುದ್ದಿ ಹಾಕಿದವರ ಹತ್ತಿರ ಅವರ ಫೋಟೊ ಇರಲಿಲ್ಲ. ಆಡೂರಿನ ಬಸವಣ್ಣೆಪ್ಪನವರದು ಇತ್ತು. ಅದಕ್ಕೇ ಹೂವಿನ ಚೌಕಟ್ಟು ಕಟ್ಟಿ, ಕೆಳಗೆ ಎರಡು ದೀಪ ಹಚ್ಚಿ, ಬೆಳಿಗ್ಗೆ ಒಂಬತ್ತಕ್ಕೆ ಹಾಕಿದರು. ಮಧ್ಯಾಹ್ನ ಎರಡರೊಳಗೆ ಎಪ್ಪತ್ತಮೂರು ಸಂತಾಪ ಬಂದವು. ಎರಡೂವರೆಗೆ ‘ತಪ್ಪಾಗಿದೆ, ಕ್ಷಮೆ ಇರಲಿ’ ಎಂಬ ತಿದ್ದುಪಡಿ ಬಂತು, ನಿಜವಾಗಿ ಸತ್ತವರ ಫೋಟೊದೊಂದಿಗೆ. ಅದಕ್ಕೆ ಬಂದದ್ದು ಹನ್ನೊಂದು ಸಂತಾಪ. ಎಪ್ಪತ್ತಮೂರು ಮತ್ತು ಹನ್ನೊಂದು ಎಂಬ ಈ ಎರಡು ಅಂಕಿಗಳನ್ನು ಕಂಡ ದಿನ ಶಂಭುಲಿಂಗನಿಗೆ ಆದದ್ದು ದುಃಖವಲ್ಲ, ನಾಲ್ಕನೆಯ ಅಧ್ಯಾಯ ಸಿಕ್ಕಿತೆಂಬ ಹಿಗ್ಗು. ಆ ಹಿಗ್ಗು ನೆನಪಾಗಿ ಈಗ ಕಿವಿ ಬಿಸಿಯಾಯಿತು. ಬಸ್ಸು ಆಡೂರಿನಲ್ಲಿ ನಿಂತದ್ದನ್ನೂ ಅವನು ಗಮನಿಸಲಿಲ್ಲ. ಕಂಡಕ್ಟರು ಬಂದು ಭುಜ ತಟ್ಟಬೇಕಾಯಿತು.

ಮೊದಲ ಮಾತಿನ ತೊಡಕನ್ನು ಬಸವಣ್ಣೆಪ್ಪನವರೇ ಬಿಡಿಸಿದರು. ಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಉದ್ದನೆಯ ಸಪೂರ ಮುದುಕ. “ಬರ್ರಿ ಸರ, ಕುಂದರ್ರಿ. ತಡಾ ಮಾಡಿದ್ರಿ. ಮಣ್ಣ ಕೊಡಾಕ ಬಂದವರೆಲ್ಲಾ ತಿರುಗಿ ಹೋಗಿ ಎರಡ ತಿಂಗಳಾತು.”

“ಹಿಂಗ ನಗಾಡಬ್ಯಾಡ್ರಿ ಅಂತೇನಿ, ಕೇಳೂದಿಲ್ಲ,” ಎನ್ನುತ್ತ ಅವರ ಹೆಂಡತಿ ಸುಶೀಲವ್ವ ಕುರುಕಲು ತಿಂಡಿ ಸವಣೂರ ಖಾರಾ ತುಂಬಿದ ತಾಟು ತಂದಿಟ್ಟರು. “ಅವತ್ತ ಆರ ಮಂದಿ ಮಾಲಿ ತಗೊಂಡ ಬಂದಿದ್ರು. ಇವರು ಹೊಲದಿಂದ ಬಂದು, ಅವರ ಬೆನ್ನ ಹಿಂದ ನಿಂತು, ಯಾರ ಹೋದ್ರು ಅಂತ ಕೇಳಾಕತ್ತಾರ. ಎಲ್ಲಾರಿಗೂ ಚಾ ಮಾಡಿ ಕೊಟ್ಟೆ. ಮಾಲಿ ತಿರುಗಿ ಒಯ್ಯಾಕ ಬರೂದಿಲ್ಲ ಅಂದ್ರು. ಎತ್ತಿನ ಕೊಳ್ಳಾಗ ಹಾಕಿದ್ವಿ.”

ಶಂಭುಲಿಂಗ ಚೀಲದಿಂದ ಪ್ರಶ್ನಾವಳಿ ತೆಗೆದ. ‘ಸುಳ್ಳು ಸುದ್ದಿ ನಿಮಗೆ ಮೊದಲು ಯಾವ ಮೂಲದಿಂದ ತಿಳಿಯಿತು’ ಎಂಬ ಮೊದಲ ಪ್ರಶ್ನೆಗೆ ಉತ್ತರವಾಗಲೇ ಸಿಕ್ಕಿತ್ತು. ಎರಡನೆಯದನ್ನು ಕೇಳುವಷ್ಟರಲ್ಲಿ ಬಸವಣ್ಣೆಪ್ಪ ಒಳಗಿನಿಂದ ಉದ್ದನೆಯ ವಹಿಯೊಂದನ್ನು ತಂದರು. ಕಂಡಕ್ಟರುಗಳು ಒಂದೊಂದು ನಿಲ್ದಾಣಕ್ಕೂ ಎಷ್ಟು ಜನ ಹತ್ತಿದರು ಎಂದು ಬರೆಯುವ ವೇಬಿಲ್ಲಿನ ಹಾಗೆಯೇ ಗೆರೆ ಎಳೆದು, ತಮಗೆ ಬಂದ ಸಂತಾಪಗಳನ್ನೆಲ್ಲ ಅವರು ಅದರಲ್ಲಿ ಇಳಿಸಿದ್ದರು. ಯಾವ ಊರಿನವರು, ಎಷ್ಟು ಗಂಟೆಗೆ, ಬರೀ ಕೈ ಮುಗಿದದ್ದೋ ಮಾತೂ ಇದ್ದದ್ದೋ. ಏಳು ವರ್ಷದಲ್ಲಿ ಶಂಭುಲಿಂಗ ತಯಾರಿಸಿದ ಯಾವ ಕೋಷ್ಟಕವೂ ಇಷ್ಟು ನೀಟಾಗಿರಲಿಲ್ಲ. “ಹಾನಗಲ್ಲ ಸ್ಟೇಜಿನ್ಯಾಗ ಹದಿನೆಂಟ ಮಂದಿ,” ಎಂದು ಬೆರಳಿಟ್ಟು ಓದುತ್ತ ಹೋದರು. “ಸವಣೂರ ಒಂಬತ್ತ. ಶಿಗ್ಗಾಂವ ಹನ್ನೆರಡ; ಅದರಾಗ ಕಡೇದವರು, ಒಟ್ಟ ಮೂವತ್ತೊಂಬತ್ತನೇದವರು. ‘ಓಂ ಶಾಂತಿ. ಸರಳ ಸಜ್ಜನಿಕೆಯ ವ್ಯಕ್ತಿಯಾಗಿದ್ದರು. ಅವರ ಅಗಲಿಕೆ ತುಂಬಲಾರದ ನಷ್ಟ.’ ಇದು ನಿಮ್ಮ ನಂಬರ ಅಲ್ಲೇನ್ರಿ?”

ಅಲ್ಲ ಎನ್ನಲು ಬಾಯಿ ತೆರೆದ ಶಂಭುಲಿಂಗನಿಗೆ ಆ ಬೆಳಗು ಇಡಿಯಾಗಿ ಕಣ್ಣ ಮುಂದೆ ಬಂತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಅವನು ಸಾಲಿನಲ್ಲಿ ನಿಂತಿದ್ದ; ಮುಂದೆ ಇಂಗ್ಲಿಷಿನ ಮೇಷ್ಟ್ರು ಪೆನ್ನು ಬರೆಯದೆ ಅದನ್ನು ಕೊಡವುತ್ತಿದ್ದರು. ಒಂಬತ್ತೂ ಮುಕ್ಕಾಲು. ಪರದೆಯ ಮೇಲೆ ಹೂವಿನ ಚೌಕಟ್ಟು ಕಂಡದ್ದೇ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಓಡಿತ್ತು. ‘ಓಂ’ ಎಂದು ಒತ್ತಿದರೆ ‘ಶಾಂತಿ’ಯನ್ನು ಫೋನೇ ಕೊಟ್ಟಿತು, ‘ಸರಳ’ ಎಂದರೆ ‘ಸಜ್ಜನಿಕೆ’ ತಾನಾಗಿ ಬಂತು. ಫೋಟೊವನ್ನು ಅವನು ನೋಡಿರಲೂ ಇಲ್ಲ. ಇದಿಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಆಮೇಲೆ, ಗುಂಪಿನವರ ಗುರುತು ಸಿಗಬಾರದೆಂದು ಕಂಪ್ಯೂಟರಿನಲ್ಲಿ ನಂಬರುಗಳನ್ನೆಲ್ಲ ಅಳಿಸಿ, ತಾಲೂಕುವಾರು ಸ-1, ಸ-2 ಎಂದು ಸಂಕೇತ ಕೊಟ್ಟು, ಒಬ್ಬೊಬ್ಬರ ಸಂತಾಪವನ್ನೂ ಅವನು ವಿಶ್ಲೇಷಿಸಿದ್ದ. ಸ-39ರ ಬಗ್ಗೆ ಬರೆದ ಸಾಲುಗಳು ಅವನಿಗೆ ಬಾಯಿಪಾಠವಿದ್ದವು: ‘ಈ ವ್ಯಕ್ತಿಗೆ ಮೃತರೊಂದಿಗೆ ದೀರ್ಘಕಾಲದ ಆತ್ಮೀಯತೆ ಇದ್ದಂತೆ ತೋರುತ್ತದೆ. ಪರಿಶೀಲಿಸದೆ ನಂಬುವ ಪ್ರವೃತ್ತಿಯನ್ನು ಗಮನಿಸಿದರೆ ವಿದ್ಯಾಭ್ಯಾಸದ ಮಟ್ಟ ಕಡಿಮೆ ಇದ್ದಿರಬಹುದು.’ ಗೈಡ್ ಮೇಡಂ ಅಂಚಿನಲ್ಲಿ ಹಸಿರು ಪೆನ್ನಿನಿಂದ ‘ಒಳ್ಳೆಯ ಒಳನೋಟ’ ಎಂದು ಬರೆದಿದ್ದರು.

“ಹೌದ್ರಿ, ನಂದ,” ಎಂದ ಶಂಭುಲಿಂಗ.

“ತಪ್ಪ ತಿಳೀಬ್ಯಾಡ್ರಿ, ಸುಮ್ನ ಕೇಳಾಕತ್ತೇನಿ,” ಎಂದರು ಬಸವಣ್ಣೆಪ್ಪ. “ನನ್ನ ಸಜ್ಜನಿಕಿ ನಿಮಗ ಹೆಂಗ ತಿಳೀತು?”

“ಮನ್ಯಾಗಿದ್ದವರಿಗ ಇನ್ನೂ ತಿಳದಿಲ್ಲ,” ಎಂದರು ಸುಶೀಲವ್ವ.

ಶಂಭುಲಿಂಗ ಬಾಯಿಗೆ ಹಾಕಿಕೊಂಡಿದ್ದ ಖಾರಾ ಗಂಟಲಲ್ಲಿ ಸಿಕ್ಕಿ ಕೆಮ್ಮು ಹತ್ತಿತು. ಸುಶೀಲವ್ವ ನೀರು ಕೊಟ್ಟರು, ಬೆನ್ನು ಚಪ್ಪರಿಸಿದರು. ಅವನನ್ನು ಹಂಗಿಸುವ ಉದ್ದೇಶ ಮುದುಕನಿಗೆ ಇದ್ದಂತೆ ಕಾಣಲಿಲ್ಲ. ಅದೇ ಹೆಚ್ಚು ಚುಚ್ಚಿತು. ಬಸವಣ್ಣೆಪ್ಪ ವಹಿಯ ಕೊನೆಯ ಹಾಳೆ ತೆರೆದಿದ್ದರು. ಅಲ್ಲಿ ಹನ್ನೊಂದು ಹೆಸರು. “ಇವು ಹಿರೇಕೆರೂರ ಬಸವಣ್ಣೆಪ್ಪಂದು. ಪಾಪ, ಅಂವ ಖರೇನ ಸತ್ತಾನ. ಅಂವನ ಪಾಲಿನ ಎಪ್ಪತ್ತಮೂರು ನಾ ತಿಂದಂಗಾತು. ಹೋಗಿ ಅಂವನ ಹೆಂಡ್ತೀನ ಮಾತಾಡಿಸಿ ಬಂದೆ,” ಎಂದರು. ಆಮೇಲೆ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿ, ಇಷ್ಟು ಹೊತ್ತು ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಕೇಳಿದರು. “ನಿಮ್ಮತ್ರ ಒಂದು ಕೆಲಸ ಐತ್ರಿ. ಹುಲಗೂರ ಖಾದರಸಾಬ ಅಂತ. ನನ್ನ ಡ್ರೈವರು. ಹತ್ತೊಂಬತ್ತ ವರ್ಷ ಒಂದ ಗಾಡಿ ಮ್ಯಾಲ ಇದ್ವಿ. ಹನ್ನೊಂದ ವರ್ಷಾತು, ನನ್ನ ಕೂಡ ಮಾತ ಬಿಟ್ಟಾನ. ಅವತ್ತ ಅಂವ ನಾಕ ನಿಮಿಷದ್ದು ಧ್ವನಿ ಹಾಕಿದ್ದನಂತ, ಅತ್ತಿದ್ದನಂತ. ನಾ ಫೋನ ನೋಡೂದ್ರಾಗ ಅಳಿಸಿಬಿಟ್ಟಾನ. ಏನ ಅಂದಾನ ಅಂತ ಕೇಳಿದ್ರ ಒಬ್ಬೊಬ್ಬರು ಒಂದೊಂದು ಹೇಳ್ತಾರ. ನೀವು ಎಲ್ಲಾ ಕೂಡಿಸಿ ಇಡ್ತೀರಿ ಅಂತಾರ. ನಿಮ್ಮತ್ರ ಐತೇನ್ರಿ?”

ಇತ್ತು. ಅವತ್ತು ಖಾದರಸಾಬರು ಅಳಿಸುವ ಮೊದಲೇ, ಒಂದು ಗಂಟೆಗೆ, ಶಂಭುಲಿಂಗ ಗುಂಪಿನ ಎಲ್ಲ ಮಾತುಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ. ಆ ಧ್ವನಿಯನ್ನು ಒಂಬತ್ತು ಸಲ ಕೇಳಿದ್ದ. ಬಿಕ್ಕಿದ ಕಡೆಯೆಲ್ಲ ಕಂಸದಲ್ಲಿ ‘ಬಿಕ್ಕು’ ಎಂದು ಟೈಪು ಮಾಡಿದ್ದ. ಲ್ಯಾಪ್‌ಟಾಪು ಈಗ ಅವನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಆದರೆ ಒಬ್ಬರ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಕೇಳಿಸುವುದಿಲ್ಲ ಎಂದು ವಿಶ್ವವಿದ್ಯಾಲಯಕ್ಕೆ ಮೂರು ಪ್ರತಿಗಳಲ್ಲಿ ಬರೆದುಕೊಟ್ಟಿದ್ದ. ‘ಐತ್ರಿ, ಆದರ ಕೊಡಾಕ ಬರೂದಿಲ್ಲ’ ಎನ್ನಬಹುದಿತ್ತು, ಅದು ನಿಜ. ಹಾಗೆಂದರೆ ಈ ಮುದುಕರು ಮತ್ತೆ ಕೇಳುತ್ತಾರೆ, ಸುಶೀಲವ್ವ ಕೇಳುತ್ತಾರೆ, ಆಗ ತಾನು ಏನು ಹೇಳಬೇಕು?

“ಇಲ್ಲರಿ,” ಎಂದ.

ಬಸವಣ್ಣೆಪ್ಪ ಅವನ ಮುಖವನ್ನು ಒಂದು ಕ್ಷಣ ನೋಡಿದರು. “ಹೋಗ್ಲಿ ಬಿಡ್ರಿ,” ಎಂದು ವಹಿ ಮುಚ್ಚಿದರು.

ತಿರುಗಿ ಹೋಗುವ ಬಸ್ಸಿನಲ್ಲಿ ಅವನು ಗೈಡ್ ಮೇಡಂಗೆ ಫೋನು ಮಾಡಿ, ಹೀಗೊಂದು ಸಂದರ್ಭ ಬಂದರೆ ಏನು ಮಾಡಬೇಕು ಎಂದು, ಇನ್ನೂ ಬಂದಿಲ್ಲವೆಂಬಂತೆ ಕೇಳಿದ. ಲಿಖಿತ ಒಪ್ಪಿಗೆ ಬೇಕು, ಅದಿಲ್ಲದಿದ್ದರೆ ಸುಮ್ಮನಿರಬೇಕು, ಸಂಶೋಧಕ ಎಂದರೆ ಗೋಡೆಯ ಮೇಲಿನ ಹಲ್ಲಿಯಂತೆ ಇರಬೇಕು ಎಂದು ಅವರು ತಿಳಿಹೇಳಿದರು. ಸ-39 ಯಾರೆಂದು ಹೇಳಲು ಅವನಿಗೆ ಧೈರ್ಯ ಬರಲಿಲ್ಲ. ಹಲ್ಲಿಯೂ ಪೂರ್ತಿ ಸುಮ್ಮನಿರುವುದಿಲ್ಲವಲ್ಲ ಎಂದು ಬಂಕಾಪುರ ದಾಟುವಾಗ ಅನ್ನಿಸಿತು. ಚಿಕ್ಕಂದಿನಲ್ಲಿ, ಯಾರಾದರೂ ಮಾತಾಡುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಅವ್ವ ನೆಲಕ್ಕೆ ಬೆರಳು ತಟ್ಟಿ ‘ಖರೇ ಐತಿ ನೋಡು’ ಎನ್ನುತ್ತಿದ್ದಳು. ಏಳು ವರ್ಷದಿಂದ ಸುಳ್ಳನ್ನು ಅಳೆಯುತ್ತ ಬಂದವನು ಇವತ್ತು ಸುಳ್ಳಿಗೆ ತೆಗೆದುಕೊಂಡದ್ದು ಎರಡು ಸೆಕೆಂಡು. ತನ್ನದೇ ವರ್ಗೀಕರಣದ ಪ್ರಕಾರ ಅದು ಯಾವ ಬಗೆಯದು? ದುರುದ್ದೇಶದ್ದಲ್ಲ, ಅಜ್ಞಾನದ್ದೂ ಅಲ್ಲ. ಮುಜುಗರದ ಸುಳ್ಳಿಗೆ ಅವನ ಕೋಷ್ಟಕದಲ್ಲಿ ಕಾಲಮ್ಮೇ ಇರಲಿಲ್ಲ.

ಮರುದಿನ ರವಿವಾರ. ಒಪ್ಪಿಗೆ ಪತ್ರದ ಪ್ರತಿಯನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಹುಲಗೂರಿಗೆ ಹೋದ. ಖಾದರಸಾಬರ ಮನೆ ದರ್ಗಾಕ್ಕೆ ಹೋಗುವ ಓಣಿಯಲ್ಲಿತ್ತು. ದಪ್ಪ ಮೀಸೆಯ ಗಟ್ಟಿ ಆಳು. ಅಂಗಳದಲ್ಲಿ ಮಣೆ ಹಾಕಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬಂದ ಕಾರಣ ಕೇಳಿದ್ದೇ ಮುಖ ತಿರುಗಿಸಿದರು.

“ನಕ್ಕವರ ಸಾಲಿನ್ಯಾಗ ನೀವೂ ಬಂದ್ರೇನ್ರಿ? ಬದುಕಿದ್ದವಗ ಅತ್ತ ಖಾದರಸಾಬ ಅಂತ ಡಿಪೋದಾಗೆಲ್ಲಾ ಹೆಸರಾಗೇತಿ.”

“ನಗಾಕ ಅಲ್ರಿ. ಅದನ್ನ ಅವರು ಕೇಳಬೇಕಂತಾರ. ನೀವು ಇಲ್ಲಿ ಒಂದು ಸಹಿ ಹಾಕಿದ್ರ...”

“ಹಾಕೂದಿಲ್ಲ. ಆ ಮಾತು ಸತ್ತವಗ ಹೇಳಿದ್ದು. ಬದುಕಿದ್ದವನ ಮ್ಯಾಲ ನನ್ನ ಸಿಟ್ಟು ಇನ್ನೂ ಹಂಗ ಐತಿ.”

ಆ ಸಿಟ್ಟಿನ ಮೂಲವನ್ನೂ ಅವರೇ ಹೇಳಿದರು. ಖಾದರಸಾಬರು ನಿವೃತ್ತರಾದ ದಿನದ ಬೀಳ್ಕೊಡುಗೆ. ಮಗಳನ್ನು ನೋಡಿಹೋಗಿದ್ದ ಬೀಗರನ್ನೂ ಅವರು ಅಭಿಮಾನದಿಂದ ಕರೆಸಿದ್ದರು. ಭಾಷಣಕ್ಕೆ ಎದ್ದ ಬಸವಣ್ಣೆಪ್ಪ, ‘ನಮ್ಮ ಖಾದರಸಾಬ, ದೊಡ್ಡ ಸಾಹೇಬರು ಕೈ ಮಾಡಿದ್ರೂ ಗಾಡಿ ನಿಂದ್ರಸಾವಲ್ಲ, ತಿಳವಳ್ಳಿ ಮಿರ್ಚಿಬಜಿ ವಾಸನಿ ಬಂದ್ರ ಬ್ರೇಕ್ ತಾನ ಬೀಳ್ತಿತ್ತು’ ಎಂದರು. ಮಂದಿ ಬಿದ್ದು ಬಿದ್ದು ನಕ್ಕರು, ಬೀಗರೂ ನಕ್ಕರು. ಮದುವೆಯೇನೋ ಆಯಿತು, ಆದರೆ ಇವತ್ತಿಗೂ ಅವರು ಬೀಗರ ಮನೆಗೆ ಹೋದರೆ ತಾಟಿನಲ್ಲಿ ಮೊದಲು ಬರುವುದು ಮಿರ್ಚಿ. ಹೇಳಿ ಮುಗಿಸುವಾಗ ಖಾದರಸಾಬರ ಕೈಯಲ್ಲಿದ್ದ ಹುಣಸೆಹಣ್ಣು ಹಿಸುಕಿ ಹೋಗಿತ್ತು. ಕೇಳುತ್ತ ಕೂತ ಶಂಭುಲಿಂಗನಿಗೆ ಆ ಅವಮಾನ ತನಗೇ ಆದಂತೆ ಅನ್ನಿಸತೊಡಗಿತು. ಅತಿಥಿ ಉಪನ್ಯಾಸಕರೆಂದರೆ ಅತಿಥಿಗಳೇ ಅಲ್ಲವೆ, ನಿಮಗೆ ಕುರ್ಚಿ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ತಮಾಷೆ ಮಾಡಿದ್ದು, ತಾನೂ ಎಲ್ಲರೊಂದಿಗೆ ನಕ್ಕಿದ್ದು, ಆಮೇಲೆ ಒಂದು ವಾರ ನಿಂತುಕೊಂಡೇ ಚಹಾ ಕುಡಿದದ್ದು ನೆನಪಾಯಿತು. ಹಲ್ಲಿಯಾಗಿರುವುದು ಇನ್ನು ಸಾಧ್ಯವಾಗಲಿಲ್ಲ. ನಿನ್ನೆ ಇಲ್ಲವೆಂದು ಸುಳ್ಳು ಹೇಳಿದ್ದನ್ನು ಹೇಳಿದ. ಸಂತಾಪ ಬರೆದದ್ದನ್ನೂ, ಸ-39ನ್ನೂ, ವಿದ್ಯಾಭ್ಯಾಸದ ಮಟ್ಟವನ್ನೂ ಹೇಳಿದ.

“ಏನಂತ ಬರದಿದ್ರಿ?”

“ಸರಳ ಸಜ್ಜನಿಕೆಯ ವ್ಯಕ್ತಿ.”

ಖಾದರಸಾಬರ ಮೀಸೆ ಅದುರಿತು. “ಸರಳ? ಬಸವಣ್ಣೆಪ್ಪ? ಹತ್ತೊಂಬತ್ತ ವರ್ಷದಾಗ ನನಗ ಒಂದ ಪೂರಾ ಕಪ್ ಚಾ ಕುಡಿಯಾಕ ಬಿಟ್ಟಿಲ್ರಿ ಅಂವ. ಅರ್ಧಕ್ಕ ಬಂದ್ರ ಸೀಟಿ ಹೊಡೀತಿದ್ದ.” ಹೊಟ್ಟೆ ಕುಲುಕುವಂತೆ ನಕ್ಕು, ಕಣ್ಣು ಒರೆಸಿಕೊಂಡು, ತಗ್ಗಿದ ದನಿಯಲ್ಲಿ, “ಅದನ್ನ ನನಗ ಒಮ್ಮೆ ಕೇಳಸ್ರಿ. ಏನ ಅಂದೇನಿ ಅನ್ನೂದ ನೆನಪಿಲ್ಲ,” ಎಂದರು.

ತಮ್ಮ ಮಾತನ್ನು ತಾವೇ ಕೇಳಲು ಯಾರ ಒಪ್ಪಿಗೆಯೂ ಬೇಡ. ಶಂಭುಲಿಂಗ ಹುಣಸೆಬೀಜ ಸರಿಸಿ ಲ್ಯಾಪ್‌ಟಾಪು ಇಟ್ಟ. ಅಂಗಳದಲ್ಲಿ ಅಳುವ ದನಿ ಎದ್ದಿತು: ವರದಾ ಹೊಳೆಯ ನೀರು ರಸ್ತೆಗೆ ಬಂದು, ಮಂದಿ ತುಂಬಿದ ಗಾಡಿ ನಡುನೀರಿನಲ್ಲಿ ನಿಂತಿತ್ತು, ರಸ್ತೆ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ, ಆಗ ನನ್ನ ತಮ್ಮ, ನನ್ನ ಬಸವಣ್ಣಿ, ಎದೆಮಟ್ಟ ನೀರಿಗೆ ಇಳಿದು, ಕಾಲಿನಿಂದ ರಸ್ತೆ ಹುಡುಕುತ್ತ, ಸೀಟಿ ಊದುತ್ತ ಮುಂದೆ ನಡೆದ, ಅವನ ಸೀಟಿಯ ಹಿಂದೆ ನಾನು ಗಾಡಿ ಹೊಡೆದೆ, ಇನ್ನು ನನಗೆ ಯಾರು ಸೀಟಿ ಊದುತ್ತಾರೆ...

“ನಿಲ್ಲಸ್ರಿ,” ಎಂದರು ಖಾದರಸಾಬ. ಮುಖ ಕೆಂಪಾಗಿತ್ತು. “ಎದಿಮಟ ಇರಲಿಲ್ಲ ಅದು. ಮೊಣಕಾಲ ಮಟ ಇತ್ತು.”

“ಇರಲಿ ಬಿಡ್ರಿ, ದುಃಖದಾಗ...”

“ಏನ ಬಿಡ್ರಿ? ಸತ್ತಾನಂತ ಎದಿಮಟ ಅಂದೇನಿ. ಮೊಣಕಾಲ ಮಟ ಅಂತ ಬದುಕಿದ್ದವಗ ಗೊತ್ತೈತಿ. ಆದರ ಡಿಪೋ ಮಂದಿ ಎಲ್ಲಾರೂ ಎದಿಮಟ ಅಂತ ಕೇಳ್ಯಾರ. ನಾಳೆ ಅಂವ ಎದಿಮಟ ಅಂತನ ಹೇಳಕೊಂಡ ತಿರುಗ್ತಾನ.” ಎದ್ದು ಕೈ ತೊಳೆದು, ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. “ಗಾಡಿ ತಗೀರಿ. ಇದನ್ನ ಇವತ್ತ ಸರಿ ಮಾಡಬೇಕು.”

ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವರನ್ನು ಹಿಂದೆ ಕೂರಿಸಿಕೊಂಡು ಬೈಕು ಓಡಿಸುವುದು ಶಂಭುಲಿಂಗನ ಜೀವನದ ಅತಿ ಉದ್ದನೆಯ ಪರೀಕ್ಷೆಯಾಯಿತು. ಗೇರು ಇಳಸ್ರಿ, ಲಾರಿ ಹಿಂದ ಹಂಗ ಹತ್ತಬ್ಯಾಡ್ರಿ, ಹಾರ್ನ್ ಇರೂದು ಯಾಕ? ಆಡೂರು ಬರುವಷ್ಟರಲ್ಲಿ ಅವನ ಭುಜಗಳು ಬಿಗಿದುಕೊಂಡಿದ್ದವು.

ಬಸವಣ್ಣೆಪ್ಪ ನಿನ್ನೆಯಂತೆಯೇ ಕಟ್ಟೆಯ ಮೇಲಿದ್ದರು. ಖಾದರಸಾಬರು ಇಳಿದು ಬೈಕಿನ ಪಕ್ಕದಲ್ಲೇ ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಓಣಿಯಲ್ಲಿ ಒಂದು ಕೋಳಿ ಈ ಬದಿಯಿಂದ ಆ ಬದಿಗೆ ದಾಟಿತು.

“ಮೈಯಾಗ ಭಾಳ ಬಡವಾಗೀ,” ಎಂದರು ಖಾದರಸಾಬ.

“ಸತ್ತ ಬಂದೇನಲ್ಲ,” ಎಂದರು ಬಸವಣ್ಣೆಪ್ಪ.

ಶಂಭುಲಿಂಗ ಹೆಲ್ಮೆಟ್ಟು ತೆಗೆಯುವುದನ್ನು ಮರೆತು ಕಟ್ಟೆಯ ಬಳಿ ಹೋದ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಗ್ರಾಂಥಿಕ ಕನ್ನಡದಲ್ಲಿ ಜೋಡಿಸಿಕೊಂಡಿದ್ದ. ಬಾಯಿಗೆ ಬಂದದ್ದು ಮಾತ್ರ ಬೇರೆ. “ನಿನ್ನಿ ನಾ ಸುಳ್ಳ ಹೇಳೇನ್ರಿ. ಅದು ನನ್ನತ್ರ ಇತ್ತು.”

“ಗೊತ್ತೈತ್ರಿ,” ಎಂದರು ಬಸವಣ್ಣೆಪ್ಪ. “ಟಿಕೆಟ್ ತಗೊಳ್ಳದ ಕುಂತವರ ಮುಖಾ ಜನ್ಮಪೂರ್ತಿ ನೋಡೇನಿ. ಇಲ್ಲ ಅನ್ನೂಮುಂದ ನೀವು ಚೀಲಾ ಅವಚಿಕೊಂಡ್ರಿ.” ಅಷ್ಟು ಹೇಳಿ, ಅದು ಅಲ್ಲಿಗೆ ಮುಗಿಯಿತೆಂಬಂತೆ ಕಟ್ಟೆಯ ಮೇಲೆ ಸರಿದು ಜಾಗ ಮಾಡಿದರು. ಆದರೆ ಆ ಜಾಗ ಶಂಭುಲಿಂಗನಿಗಲ್ಲ. ಖಾದರಸಾಬರು ಬಂದು ಕೂತರು. ಶಂಭುಲಿಂಗ ಲ್ಯಾಪ್‌ಟಾಪಿಗೆ ಕೈ ಹಾಕಿದಾಗ ಅವರು ತಡೆದರು. “ಅದು ಬ್ಯಾಡ್ರಿ. ನಾನ ಹೇಳ್ತೇನಿ. ಅದರಾಗ ತಪ್ಪ ಅದಾವು.”

ಖಾದರಸಾಬರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಬಾಗಿಲಿಗೆ ಬಂದ ಸುಶೀಲವ್ವ ಶಂಭುಲಿಂಗನ ತೋಳು ಹಿಡಿದು, “ನೀವು ಒಳಗ ಬರ್ರಿ. ತಲಿ ಮ್ಯಾಲಿಂದ ಅದನ್ನ ತಗೀರಿ. ಅವರದು ಅವರು ಮಾತಾಡಕೊಳ್ಳಲಿ,” ಎಂದು ಅಡುಗೆಮನೆಗೆ ಕರೆದೊಯ್ದರು. ಏಳು ವರ್ಷದ ಅಭ್ಯಾಸದಿಂದ ಅವನ ಕೈ ಪೆನ್ನಿಗಾಗಿ ಜೇಬು ತಡಕಿತು. ಸುಶೀಲವ್ವ ಆ ಕೈಗೆ ಚಹಾದ ಕಪ್ಪು ಕೊಟ್ಟರು. ಹೊರಗಿನ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಮೊಣಕಾಲ ಮಟ ಎಂದು ಖಾದರಸಾಬರು. ಟೊಂಕ ದಾಟಿತ್ತು, ನನ್ನ ಚೀಲ ತೋಯ್ದಿತ್ತು ಎಂದು ಬಸವಣ್ಣೆಪ್ಪ. ಚೀಲ ನೀ ಕೆಳಗ ಹಿಡಿದಿದ್ದಿ ಎಂದು ಮತ್ತೆ ಖಾದರಸಾಬರು. ಆಮೇಲೆ ದನಿ ತಗ್ಗಿತು. ಯಾರು ಅತ್ತರು, ಯಾರು ಮೂಗು ಸೀಂಟಿದರು, ಗೊತ್ತಾಗಲಿಲ್ಲ. ಗೋಡೆಗೆ ಕಿವಿಗೊಟ್ಟರೆ ತಿಳಿಯುತ್ತಿತ್ತು.

“ಇನ್ನ ಸ್ವಲ್ಪ ಸಕ್ಕರಿ ಹಾಕ್ರಿ,” ಎಂದು ಶಂಭುಲಿಂಗ ಕಪ್ಪು ಮುಂದೆ ಮಾಡಿದ.